ಸ್ಟೆಮ್ ಸೆಲ್ ಹಾಕಿಸಿದರೆ ಮಂಡಿ ಸವಕಲು ಸರಿಹೋಗುತ್ತದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಸ್ಟೆಮ್ ಸೆಲ್ ಬಗ್ಗೆಯೇ ಇದ್ದವು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ತೆಗೆದುಕೊಂಡಿದ್ದೇನೆ. ಹೊಸಬರಿಗೆ ಒಂದು ಮಾತು: ನಾನು ಡಾಕ್ಟರಲ್ಲ, ಜೀವಶಾಸ್ತ್ರ ಪಾಠ ಮಾಡಿದವನು. ಇಲ್ಲಿ ಓದಿದ್ದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಲು ಬಳಸಿಕೊಳ್ಳಿ, ಅವರ ಬದಲಿಗಲ್ಲ.

ಪ್ರಶ್ನೆ: ಅಮ್ಮನಿಗೆ 64 ವರ್ಷ. ಅಡಿಕೆ ಸುಲಿಯಲು ಕೂತರೆ ಏಳಲಿಕ್ಕೇ ಆಗುವುದಿಲ್ಲ, ಅಷ್ಟು ಮಂಡಿ ನೋವು. ಶಿವಮೊಗ್ಗದಲ್ಲಿ ಒಂದು ಶಿಬಿರ ಮಾಡಿದ್ದರು. ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಅದೇ ದಿನ ಮಂಡಿಗೆ ಚುಚ್ಚುತ್ತಾರಂತೆ, ಸವೆದ ಮೆದುಮೂಳೆ ಮತ್ತೆ ಬೆಳೆಯುತ್ತದಂತೆ. ಒಂದು ಮಂಡಿಗೆ ಲಕ್ಷದ ಮೇಲೆ ಹೇಳಿದರು. ತೋಟದ ದುಡ್ಡು ಬಂದಿದೆ, ಮಾಡಿಸೋಣವಾ? (ತೀರ್ಥಹಳ್ಳಿ)

ಉತ್ತರ: ಸದ್ಯಕ್ಕೆ ಬೇಡ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಉಳಿದವರ ಪ್ರಶ್ನೆಗೂ ಇದೇ ತಳಪಾಯ.

ನಮ್ಮ ಮೈಯಲ್ಲಿರುವ ಜೀವಕೋಶಗಳಲ್ಲಿ ಹೆಚ್ಚಿನವು ಒಂದೇ ಕೆಲಸಕ್ಕೆ ನಿಂತವು. ಕೆಂಪು ರಕ್ತಕಣ ಸುಮಾರು 120 ದಿನ ದುಡಿದು ಸಾಯುತ್ತದೆ. ಕರುಳಿನ ಒಳಪದರದ ಕೋಶಗಳಿಗೆ ನಾಲ್ಕೈದು ದಿನವೇ ಆಯುಸ್ಸು. ಸತ್ತ ಜಾಗ ತುಂಬುವವರು ಬೇಕಲ್ಲ, ಆ ಕೆಲಸಕ್ಕೆ ಅಲ್ಲಲ್ಲೇ ಕೆಲವು ಕೋಶಗಳು ಕಾದು ಕೂತಿರುತ್ತವೆ. ಅವು ಒಡೆದು ತಮ್ಮಂಥದೇ ಇನ್ನೊಂದನ್ನೂ ಮಾಡಬಲ್ಲವು, ಕೆಲಸ ಮಾಡುವ ಕೋಶವನ್ನೂ ಮಾಡಬಲ್ಲವು. ಇವೇ ಸ್ಟೆಮ್ ಸೆಲ್, ಕನ್ನಡದಲ್ಲಿ ಕಾಂಡಕೋಶ. ಮೂಳೆಯೊಳಗಿನ ಮಜ್ಜೆಯಲ್ಲಿರುವವು ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಕೋಟಿ ಕೆಂಪು ಕಣಗಳಿಗೆ ಮೂಲ. ಚರ್ಮದಲ್ಲಿ, ಕಣ್ಣಲ್ಲಿ, ಕರುಳಲ್ಲಿ, ಮಾಂಸಖಂಡದಲ್ಲಿ ಎಲ್ಲ ಕಡೆಯೂ ಇಂಥವು ಇವೆ.

ಆದರೆ ಭ್ರೂಣದ ಕಾಂಡಕೋಶ ಏನು ಬೇಕಾದರೂ ಆಗಬಲ್ಲದು, ದೊಡ್ಡವರ ಮೈಯಲ್ಲಿ ಸಿಗುವವು ಹಾಗಲ್ಲ. ಮೆಣಸಿನ ಬಳ್ಳಿ ನೆಟ್ಟವರಿಗೆ ಇದು ಬೇಗ ಹೊಳೆಯುತ್ತದೆ. ಬುಡದಿಂದ ಹೊರಟ ಹಬ್ಬುಬಳ್ಳಿ ತಂದು ನೆಟ್ಟರೆ ಅಡಿಕೆ ಮರ ಹತ್ತುತ್ತದೆ. ಕಾಯಿ ಬಿಡುವ ಅಡ್ಡ ಕವಲು ತಂದು ನೆಟ್ಟರೆ ಪೊದೆ ಮೆಣಸಾಗಿ ಕುಂಡದಲ್ಲೇ ಕೂತು ಕಾಯಿ ಬಿಡುತ್ತದೆ, ಎಷ್ಟು ಗೊಬ್ಬರ ಹಾಕಿದರೂ ಮರ ಹತ್ತುವುದಿಲ್ಲ. ಎರಡೂ ಜೀವಂತ, ಎರಡೂ ಬೇರು ಬಿಡುತ್ತವೆ, ಆದರೆ ಎಲ್ಲಿಂದ ಕತ್ತರಿಸಿದ್ದು ಅನ್ನುವುದನ್ನು ಮರೆಯುವುದಿಲ್ಲ. ದೊಡ್ಡವರ ಕಾಂಡಕೋಶವೂ ಹಾಗೆಯೇ, ತನ್ನ ಮನೆಗೆಲಸ ಕೊಟ್ಟರೆ ಅದ್ಭುತವಾಗಿ ಮಾಡುತ್ತದೆ. ಬೇರೆಯವರ ಕೆಲಸ ಕೊಟ್ಟರೆ ಮಾಡುತ್ತದೆ ಅನ್ನಲು ಸಾಕ್ಷಿ ಬೇಕು.

ಕೊಬ್ಬಿನಲ್ಲೂ ಮಜ್ಜೆಯಲ್ಲೂ ಮೆಸೆಂಕೈಮಲ್ ಎಂಬ ಜಾತಿಯ ಕೋಶಗಳು ಸಿಗುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಸರಿಯಾದ ರಾಸಾಯನಿಕ ಕೊಟ್ಟರೆ ಇವು ಮೂಳೆ, ಕೊಬ್ಬು, ಮೆದುಮೂಳೆ ಆಗುತ್ತವೆ. ಶಿಬಿರದಲ್ಲಿ ತೋರಿಸುವ ಚಿತ್ರಗಳಿಗೆಲ್ಲ ಇದೇ ಆಧಾರ. ಆದರೆ ತಟ್ಟೆ ಬೇರೆ, ಮಂಡಿ ಬೇರೆ. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲೇ ಇಲ್ಲವಾಗುತ್ತವೆ. ಇರುವಷ್ಟು ದಿನ ಅವು ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಬಿಡುತ್ತವೆ, ಅದರಿಂದ ಕೆಲವರಿಗೆ ನೋವು ಕಡಿಮೆ ಆಗುವುದೂ ಉಂಟು. ಹೊಸ ಮೆದುಮೂಳೆ ಎದ್ದು ನಿಲ್ಲುವುದು ಅಂದರೆ ಬೇರೆಯೇ ಮಾತು. ಈ ಕೋಶಗಳಿಗೆ 1991ರಲ್ಲಿ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಅನ್ನುವ ಹೆಸರು ಕೊಟ್ಟ ಅಮೆರಿಕದ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ಇವನ್ನು ಸ್ಟೆಮ್ ಸೆಲ್ ಎಂದು ಕರೆಯುವುದು ನಿಲ್ಲಿಸೋಣ ಎಂದು ಬರೆದರು. ಶಿಬಿರದವರು ಈ ಸುದ್ದಿ ಹೇಳಿರಲಿಕ್ಕಿಲ್ಲ!

2023ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಮಂಡಿ ಸವೆದ ನಾನೂರಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಅವರದೇ ಮಜ್ಜೆಯಿಂದ ತೆಗೆದದ್ದು, ಕೆಲವರಿಗೆ ಅವರದೇ ಕೊಬ್ಬಿನಿಂದ ತೆಗೆದದ್ದು, ಕೆಲವರಿಗೆ ಹೊಕ್ಕುಳಬಳ್ಳಿಯ ಕೋಶ, ಉಳಿದವರಿಗೆ ಹಳೇ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟು ನೋಡಿದರು. ವರ್ಷದ ನಂತರ ಕೋಶ ಹಾಕಿಸಿಕೊಂಡವರ ನೋವು ಸ್ಟೆರಾಯ್ಡ್‌ನವರಿಗಿಂತ ಹೆಚ್ಚೇನೂ ಇಳಿದಿರಲಿಲ್ಲ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಆರೋಗ್ಯವಂತ ದಾನಿಗಳ ಮಜ್ಜೆಯ ಕೋಶಗಳನ್ನು ಕಾರ್ಖಾನೆಯಲ್ಲಿ ಬೆಳೆಸಿ ಒಂದು ಔಷಧಿ ಮಾಡಿದೆ. ಬೀಡಿ ಸಿಗರೇಟು ಸೇದುವವರಲ್ಲಿ ಕಾಲಿನ ರಕ್ತನಾಳ ಕಟ್ಟಿ ಬೆರಳು ಕೊಳೆಯುವ ಬರ್ಗರ್ ಕಾಯಿಲೆಗೆ ಅದಕ್ಕೆ 2016ರಲ್ಲಿ ಷರತ್ತಿನ ಮೇಲೆ ಅನುಮತಿ ಸಿಕ್ಕಿತು, ಮಂಡಿ ಸವೆತಕ್ಕೆ 2022ರಲ್ಲಿ ಸಿಕ್ಕಿತು. ಅದೂ ಮಧ್ಯಮ ಹಂತದ ಸವೆತಕ್ಕೆ. ಮೂಳೆಗೆ ಮೂಳೆ ತಾಗಿ ಕಾಲು ಬಿಲ್ಲಾದವರಿಗಲ್ಲ. ಈ ಅನುಮತಿಯನ್ನು ತೋರಿಸಿ, ‘ನೋಡಿ ಸರ್ಕಾರವೇ ಒಪ್ಪಿದೆ’ ಎಂದು ಕೊಬ್ಬಿನ ಇಂಜೆಕ್ಷನ್ ಮಾರುವವರು ಇದ್ದಾರೆ. ಅದು ಬೇರೆ ವಸ್ತು, ಇದು ಬೇರೆ ವಸ್ತು.

ಅಮ್ಮನ ಮಂಡಿ ಯಾವ ಹಂತದಲ್ಲಿದೆ ಎಂದು ನಿಂತು ತೆಗೆಸಿದ ಎಕ್ಸ್-ರೇ ಹೇಳುತ್ತದೆ, ಅದನ್ನು ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮಕ್ಕೆ ಇರುವಷ್ಟು ಸಾಕ್ಷಿ ಈ ಇಂಜೆಕ್ಷನ್‌ಗೆ ಇಲ್ಲ, ಆದರೆ ಅದಕ್ಕೆ ಯಾರೂ ಶಿಬಿರ ಮಾಡುವುದಿಲ್ಲ. ಮತ್ತೆ ಅಡಿಕೆ ಸುಲಿಯಲು ನೆಲದ ಮೇಲೆ ಬೇಡ, ಮೆಟ್ಟುಗತ್ತಿಯನ್ನು ಎತ್ತರಕ್ಕೆ ಕೂರಿಸಿ ಕುರ್ಚಿ ಹಾಕಿಕೊಡಿ.

ಪ್ರಶ್ನೆ: ನನ್ನ ಮೈಯದೇ ಕೋಶ ನನಗೇ ಹಾಕಿದರೆ ಗುಣ ಆಗದಿದ್ದರೂ ತೊಂದರೆಯಂತೂ ಆಗುವುದಿಲ್ಲ, ಅಲ್ವಾ? (ಸೊರಬ)

ಉತ್ತರ: ಆಗುತ್ತದೆ. ಫ್ಲೋರಿಡಾದ ಒಂದು ಕ್ಲಿನಿಕ್ಕಿನಲ್ಲಿ ಕಣ್ಣಿನ ಅಕ್ಷಿಪಟಲದ ತೊಂದರೆ ಇದ್ದ ಮೂವರು ಮಹಿಳೆಯರಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿದರು, ಅದೂ ಎರಡೂ ಕಣ್ಣಿಗೆ ಒಂದೇ ದಿನ. ಮೂವರ ದೃಷ್ಟಿಯೂ ಹೆಚ್ಚುಕಡಿಮೆ ಹೋಯಿತು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಇದರ ವರದಿ ಬಂತು. ಕೋಶ ನಿಮ್ಮದೇ ಇರಬಹುದು. ಅದನ್ನು ಹೊರತೆಗೆದು, ತೊಳೆದು, ಇನ್ನೊಂದು ಜಾಗಕ್ಕೆ ಹಾಕುವಷ್ಟರಲ್ಲಿ ನಂಜು ಸೇರಬಹುದು, ಬೇಡದ ಕಡೆ ಬೇಡದ ಅಂಗಾಂಶ ಬೆಳೆಯಬಹುದು.

ಪ್ರಶ್ನೆ: ಚಿಕ್ಕಪ್ಪನಿಗೆ ಎರಡು ವರ್ಷದ ಹಿಂದೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಕರಗಿಸುವಾಗ ಸಿಡಿದು ಬಲಗಣ್ಣಿಗೆ ಬಿತ್ತು. ಕಪ್ಪುಗುಡ್ಡೆಯ ಮೇಲೆ ಈಗ ಬಿಳಿ ಪೊರೆ, ಕೆಂಪು ನರ. ನೇತ್ರದಾನದ ಕಣ್ಣು ಹಾಕಿದ್ದೂ ನಿಲ್ಲಲಿಲ್ಲ. ಈಗ ಒಳ್ಳೇ ಕಣ್ಣಿನಿಂದ ಸ್ಟೆಮ್ ಸೆಲ್ ತೆಗೆದು ಹಾಕಬೇಕು ಅನ್ನುತ್ತಾರೆ. ಇದೂ ಆ ಶಿಬಿರದವರ ತರಹದ್ದಾ? ಇರುವ ಒಂದು ಕಣ್ಣೂ ಹೋದರೆ? (ಹೊಸನಗರ)

ಉತ್ತರ: ಅಲ್ಲ, ಇದು ಅಸಲಿ. ಕಾಂಡಕೋಶ ತನ್ನ ಸ್ವಂತ ಕೆಲಸ ಮಾಡುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ. ನಮ್ಮ ದೇಶದ ಕೊಡುಗೆಯೂ ಇದರಲ್ಲಿ ದೊಡ್ಡದು.

ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಕಪ್ಪುಗುಡ್ಡೆ ಮತ್ತು ಬಿಳಿಭಾಗ ಸೇರುವಲ್ಲಿ ಒಂದು ಸಣ್ಣ ಅಂಚು ಕಾಣುತ್ತದೆ. ಅದಕ್ಕೆ ಲಿಂಬಸ್ ಅನ್ನುತ್ತಾರೆ. ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪರದೆ, ಅಂದರೆ ಕಾರ್ನಿಯಾದ ಮೇಲಿನ ತೆಳು ಪದರವನ್ನು ಹೊಸದು ಮಾಡುವ ಕಾಂಡಕೋಶಗಳು ಇರುವುದು ಆ ಅಂಚಿನಲ್ಲಿ. ಕಣ್ಣಿಗೆ ಕಸ ಬಿದ್ದು ಗೀರಿದರೆ ಒಂದೆರಡು ದಿನದಲ್ಲಿ ಮಾಯುವುದು ಅವುಗಳ ದಯೆಯಿಂದ. ಸುಣ್ಣ ಕ್ಷಾರ, ಆಮ್ಲಕ್ಕಿಂತ ಕೆಟ್ಟದು, ಅಂಗಾಂಶವನ್ನು ಕರಗಿಸುತ್ತಾ ಒಳಗೆ ಇಳಿಯುತ್ತದೆ. ಅಂಚು ಸುತ್ತಲೂ ಸುಟ್ಟರೆ ಮೂಲವೇ ಹೋಯಿತು. ಆಗ ಬಿಳಿಭಾಗದ ಪೊರೆ ರಕ್ತನಾಳ ಸಮೇತ ಕಪ್ಪುಗುಡ್ಡೆಯ ಮೇಲೆ ಹಬ್ಬುತ್ತದೆ. ನಿಮ್ಮ ಚಿಕ್ಕಪ್ಪನಿಗೆ ಆಗಿರುವುದು ಇದೇ ಇರಬೇಕು. ದಾನದ ಕಾರ್ನಿಯಾ ನಿಲ್ಲದಿರುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ: ಮಧ್ಯದ ಗಾಜು ಬದಲಿಸಿದ್ದಾರೆ, ಅದರ ಮೇಲೆ ಹೊಸ ಪದರ ಹೊದಿಸುವವರು ಅಂಚಿನಲ್ಲಿ ಯಾರೂ ಉಳಿದಿಲ್ಲ.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯಲ್ಲಿ 2001ರಿಂದ ಈ ಅಂಚಿನ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕಸಿ ಮಾಡುತ್ತಿದ್ದರು. ಅದಕ್ಕೆ ಖರ್ಚು ಜಾಸ್ತಿ, ವ್ಯವಸ್ಥೆ ದೊಡ್ಡದು. ಆಮೇಲೆ ಅಲ್ಲಿನ ಡಾ. ವೀರೇಂದರ್ ಸಾಂಗವಾನ್ ಮತ್ತು ತಂಡ 2012ರಲ್ಲಿ ಒಂದು ಸರಳ ವಿಧಾನ ಪ್ರಕಟಿಸಿದರು. ಒಳ್ಳೇ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಅಗಲದ ಒಂದು ಚೂರು ತೆಗೆಯುತ್ತಾರೆ, ಅಷ್ಟೇ. ಕೆಟ್ಟ ಕಣ್ಣಿನ ಪೊರೆ ಬಿಡಿಸಿ, ಹೆರಿಗೆಯ ನಂತರ ಸಿಗುವ ಗರ್ಭಚೀಲದ ತೆಳು ಪೊರೆಯನ್ನು ಅಲ್ಲಿ ಅಂಟಿಸುತ್ತಾರೆ. ತೆಗೆದ ಚೂರನ್ನು ಎಂಟು ಹತ್ತು ತುಣುಕು ಮಾಡಿ ಆ ಪೊರೆಯ ಮೇಲೆ ಸುತ್ತಲೂ ಇಟ್ಟು, ರಕ್ತದ ಪ್ರೋಟೀನಿನಿಂದ ಮಾಡಿದ ಅಂಟು ಹಾಕಿ, ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಮುಚ್ಚುತ್ತಾರೆ. ತುಣುಕುಗಳು ಅಲ್ಲೇ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪ್ರಯೋಗಾಲಯ ಬೇಕೇ ಇಲ್ಲ, ಕಣ್ಣೇ ಪ್ರಯೋಗಾಲಯ. ಅದೇ ಆಸ್ಪತ್ರೆಯವರು 125 ಜನರ ಲೆಕ್ಕ ಕೊಟ್ಟಾಗ ನೂರಕ್ಕೆ 76 ಮಂದಿಯಲ್ಲಿ ಪದರ ಗಟ್ಟಿಯಾಗಿ ನಿಂತಿತ್ತು. ಈಗ ಇದನ್ನು ಬೇರೆ ಊರುಗಳಲ್ಲೂ, ಹೊರದೇಶಗಳಲ್ಲೂ ಮಾಡುತ್ತಾರೆ.

ಒಳ್ಳೇ ಕಣ್ಣಿನ ಭಯ ಸಹಜ. ಆದರೆ ತೆಗೆಯುವುದು ಸುತ್ತಿನ ಅಂಚಿನಲ್ಲಿ ಗಡಿಯಾರದ ಒಂದು ಗಂಟೆಯಷ್ಟು ಜಾಗ, ಉಳಿದ ಹನ್ನೊಂದು ಗಂಟೆಯ ಅಂಚು ಅಲ್ಲೇ ಇರುತ್ತದೆ, ಆ ಗಾಯವೂ ಮಾಯುತ್ತದೆ. ಡಾಕ್ಟರ ಹತ್ತಿರ ಎರಡು ವಿಷಯ ಕೇಳಿ: ಬಲಗಣ್ಣಿನ ಒಳಗೆ ಒತ್ತಡ ಏರಿ ನರ ಕೆಟ್ಟಿದೆಯಾ? ರೆಪ್ಪೆ ಸರಿಯಾಗಿ ಮುಚ್ಚುತ್ತದಾ, ಕಣ್ಣು ಒಣಗಿದೆಯಾ? ಇವು ಕೆಟ್ಟಿದ್ದರೆ ಎಷ್ಟು ಒಳ್ಳೇ ಕಸಿ ಮಾಡಿದರೂ ಫಲ ಕಡಿಮೆ. ಎರಡೂ ಕಣ್ಣು ಸುಟ್ಟವರಿಗೆ ದಾರಿ ಇನ್ನೂ ಕಷ್ಟ, ಹತ್ತಿರದ ಸಂಬಂಧಿಕರ ಅಥವಾ ದಾನಿಯ ಅಂಚು ತೆಗೆದು ಹಾಕಿ, ಮೈ ಅದನ್ನು ತಿರಸ್ಕರಿಸದ ಹಾಗೆ ಮಾತ್ರೆ ತಿನ್ನುತ್ತಾ ಇರಬೇಕು.

ಓದುವವರೆಲ್ಲ ಒಂದು ವಿಷಯ ಗಮನಿಸಿ. ನಮ್ಮ ಕಡೆ ಸುಣ್ಣ ಇಲ್ಲದ ಮನೆಯಿಲ್ಲ. ಕವಳದ ತಟ್ಟೆಯಲ್ಲಿದೆ, ತೋಟದ ಡ್ರಮ್ಮಿನಲ್ಲಿದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಕೊತಕೊತ ಕುದಿದು ಸಿಡಿಯುತ್ತದೆ, ಬಗ್ಗಿ ಕೋಲಾಡಿಸುವವನ ಮುಖ ಸರಿಯಾಗಿ ಅದರ ಮೇಲೇ ಇರುತ್ತದೆ. ನೂರು ರೂಪಾಯಿ ಆಸುಪಾಸಿನ ಪ್ಲಾಸ್ಟಿಕ್ ಕನ್ನಡಕ ಹಾಕಿದರೆ ಆಯಿತು. ಇನ್ನು ಸುಣ್ಣದ ಪ್ಲಾಸ್ಟಿಕ್ ಪೊಟ್ಟಣ ಮಕ್ಕಳ ಕೈಗೆ ಸಿಗಲೇಬಾರದು, ಹಿಚುಕಿದರೆ ನೇರ ಕಣ್ಣಿಗೇ ಹಾರುತ್ತದೆ. ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ ನೀರು. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಬೇಕು, ಆಮೇಲೆ ಹೊರಡಿ. ಎಣ್ಣೆ, ತುಪ್ಪ, ಎದೆಹಾಲು ಯಾವುದೂ ಬೇಡ.

ಪ್ರಶ್ನೆ: ಹಲ್ಲಿಗೆ ಬಾಲ ಮತ್ತೆ ಬರುತ್ತದೆ, ಗದ್ದೆ ಏಡಿಗೆ ಕೊಂಬು ಮುರಿದರೆ ಮತ್ತೆ ಬರುತ್ತದೆ. ನಮಗೇಕೆ ಬೆರಳು ಬರುವುದಿಲ್ಲ? (ಸಾಗರ, ಒಂಬತ್ತನೇ ತರಗತಿ)

ಉತ್ತರ: ಸ್ವಲ್ಪ ಬರುತ್ತದೆ ಪುಟ್ಟಾ! ಚಿಕ್ಕ ಮಕ್ಕಳ ಬೆರಳ ತುದಿ ಉಗುರಿನ ಬುಡ ಉಳಿಯುವ ಹಾಗೆ ತುಂಡಾದರೆ ಮತ್ತೆ ತುಂಬಿಕೊಳ್ಳುವುದುಂಟು. ಉಗುರಿನ ಬುಡದ ಕಾಂಡಕೋಶಗಳಿಗೆ ಅದರಲ್ಲಿ ಪಾಲಿದೆ. ಅದಕ್ಕಿಂತ ಕೆಳಗೆ ಹೋದರೆ ಇಲ್ಲ. ಗಾಯವನ್ನು ಬೇಗ ಮುಚ್ಚಿ ಕಲೆ ಮಾಡಿಬಿಡುವುದು ನಮ್ಮ ಮೈಯ ಪದ್ಧತಿ. ಇನ್ನು ಹಲ್ಲಿಯ ಹೊಸ ಬಾಲವನ್ನು ಹತ್ತಿರದಿಂದ ನೋಡು, ಬಣ್ಣ ಬೇರೆ, ಗೀಟು ಬೇರೆ. ಒಳಗೆ ಬೆನ್ನುಮೂಳೆಯ ಮಣಿಗಳೂ ಇರುವುದಿಲ್ಲ, ಮೆದುಮೂಳೆಯ ಒಂದು ಕೊಳವೆ ಅಷ್ಟೇ. ಹಲ್ಲಿಯೂ ನಕಲಿ ಮಾಲು ಹಾಕಿ ಸುಧಾರಿಸಿದೆ ಅನ್ನು.

ಪ್ರಶ್ನೆ: ಸೇಬಿನ ಸ್ಟೆಮ್ ಸೆಲ್ ಪುಡಿ ಅಂತ ಪರಿಚಯದವರು ಮಾರುತ್ತಿದ್ದಾರೆ. ನೀರಿಗೆ ಹಾಕಿ ಕುಡಿದರೆ ಕಿಡ್ನಿಯಿಂದ ಹಿಡಿದು ಕೂದಲವರೆಗೆ ಎಲ್ಲಾ ಹೊಸದಾಗುತ್ತದಂತೆ. (ಭದ್ರಾವತಿ)

ಉತ್ತರ: ಹೊಟ್ಟೆಗೆ ಹೋದದ್ದು ಜೀರ್ಣ ಆಗುತ್ತದೆ. ಸೇಬಿನ ಕೋಶ ಮನುಷ್ಯನ ಕಿಡ್ನಿ ಆಗುವುದಾದರೆ ಹಲಸಿನ ಹಣ್ಣು ತಿಂದವರ ಗತಿ ಏನು? ಸೇಬು ತಿನ್ನಿ. ಸಂಬಂಧ ಕೆಡಬಾರದು ಅಂತ ಸುಮ್ನೆ ಒಂದು ಡಬ್ಬಿ ತೆಗೆದುಕೊಂಡರೆ ಎರಡನೆಯದಕ್ಕೆ ಬರುತ್ತಾರೆ.

ಪ್ರಶ್ನೆ: ನನಗೆ ಏಳು ತಿಂಗಳು. ಮಗುವಿನ ಹೊಕ್ಕುಳಬಳ್ಳಿ ರಕ್ತ ಬ್ಯಾಂಕಿನಲ್ಲಿ ಇಡಿ ಅಂತ ದಿನಾ ಫೋನ್. ಕಂತಿನಲ್ಲೂ ಕಟ್ಟಬಹುದಂತೆ. ನಮ್ಮ ಅತ್ತೆ, ‘ಮಗುವಿನ ವಿಷಯದಲ್ಲಿ ಜಿಪುಣತನ ಯಾಕೆ’ ಅನ್ನುತ್ತಾರೆ. (ಶಿವಮೊಗ್ಗ)

ಉತ್ತರ: ಅತ್ತೆಯವರಿಗೆ ಇದನ್ನು ಓದಿ ಹೇಳಿ. ಹೊಕ್ಕುಳಬಳ್ಳಿ ರಕ್ತದಲ್ಲಿ ರಕ್ತದ ಕಾಂಡಕೋಶಗಳು ಇರುವುದು ನಿಜ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಂಕೋನಿ ರಕ್ತಹೀನತೆ ಇದ್ದ ಹುಡುಗನಿಗೆ ಮೊದಲ ಸಲ ಅದನ್ನು ಕೊಟ್ಟು ಗುಣ ಮಾಡಿದರು. ಆದರೆ ಅದು ಅವನದಲ್ಲ, ಅವನ ತಂಗಿಯದು. ಅದನ್ನೇ ಏಜೆಂಟರು ಹೇಳುವುದಿಲ್ಲ. ಥಲಸೇಮಿಯಾದಂಥ ಹುಟ್ಟಿನಿಂದ ಬಂದ ಕಾಯಿಲೆ ಮಗುವಿಗಿದ್ದರೆ ಅದರ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರುತ್ತದೆ. ಹಾಗಾಗಿ ‘ನಿಮ್ಮ ಮಗುವಿಗೇ ಮುಂದೆ ಬೇಕಾಗಬಹುದು’ ಅನ್ನುವ ಮಾತು ಬಹಳ ಸಡಿಲ. ಸ್ವಂತಕ್ಕೆ ಖಾಸಗಿಯಾಗಿ ಕೂಡಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಆಗಲೇ ಇನ್ನೊಂದು ಮಗುವಿಗೆ ಕಸಿ ಬೇಕಾದಂಥ ರಕ್ತದ ಕಾಯಿಲೆ ಇದ್ದರೆ ಮಾತ್ರ ಲೆಕ್ಕ ಬೇರೆ, ಆಗ ಡಾಕ್ಟರೇ ಹೇಳುತ್ತಾರೆ. ಹಾಲುಹಲ್ಲು ಕೂಡಿಡಿ ಅನ್ನುವವರೂ ಇದ್ದಾರೆ. ಹಾಲುಹಲ್ಲಿನ ತಿರುಳಿನಲ್ಲಿ ಕಾಂಡಕೋಶ ಇದೆ ಎಂದು 2003ರಲ್ಲೇ ಗೊತ್ತಾಗಿದೆ, ಬ್ಯಾಂಕಿನಲ್ಲಿಟ್ಟು ಬಡ್ಡಿ ಬರುವಂಥ ಚಿಕಿತ್ಸೆ ಇನ್ನೂ ಬಂದಿಲ್ಲ. ಹಲ್ಲನ್ನು ಹೆಂಚಿನ ಮೇಲೆ ಎಸೆದುಬಿಡಿ.

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ, ಆಟಿಸಂ. ಬೆನ್ನುಹುರಿಗೆ ಸ್ಟೆಮ್ ಸೆಲ್ ಕೊಟ್ಟರೆ ಮಾತು ಬರುತ್ತದೆ ಎಂದು ಒಂದು ಕಡೆ ಹೇಳಿದರು. ಮೂರು ಸಲ ಹಾಕಬೇಕಂತೆ. ಜಾಗ ಮಾರುವ ಯೋಚನೆಯಲ್ಲಿದ್ದೇವೆ. (ಶಿಕಾರಿಪುರ)

ಉತ್ತರ: ದಯವಿಟ್ಟು ಜಾಗ ಮಾರಬೇಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡಬಾರದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಅದರಿಂದ ಮಾತು ಬರುತ್ತದೆ ಅನ್ನಲು ಗಟ್ಟಿ ಸಾಕ್ಷಿ ಇಲ್ಲ, ಸೂಜಿಯ ಅಪಾಯ ಮಾತ್ರ ಖಾತ್ರಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಹೊರತು, ಇನ್ನೂ ಅನುಮತಿ ಸಿಗದ ಸ್ಟೆಮ್ ಸೆಲ್ ಬಳಕೆಯೆಲ್ಲ ನೋಂದಾಯಿತ ಪ್ರಯೋಗದ ಒಳಗೇ ನಡೆಯಬೇಕು. ನಿಜವಾದ ಪ್ರಯೋಗವಾದರೆ ಅದು ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ಇರುತ್ತದೆ, ಯಾರು ಬೇಕಾದರೂ ಆನ್‌ಲೈನಲ್ಲಿ ನೋಡಬಹುದು, ಮತ್ತು ಅದರಲ್ಲಿ ಭಾಗವಹಿಸುವವರ ಹತ್ತಿರ ಚಿಕಿತ್ಸೆಗೆ ದುಡ್ಡು ಕೇಳುವಂತಿಲ್ಲ. ‘ಇದು ಪ್ರಯೋಗ, ಇಷ್ಟು ಲಕ್ಷ ಕಟ್ಟಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮಾತಿನ ತರಬೇತಿ, ಆಕ್ಯುಪೇಷನಲ್ ಥೆರಪಿ ನಿಧಾನ, ಬೇಸರ ಬರಿಸುತ್ತದೆ, ಊರಿಂದ ವಾರ ವಾರ ಓಡಾಡುವುದು ಸುಲಭವಲ್ಲ. ಆದರೂ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ, ಮನೆಯಲ್ಲಿ ನೀವೇ ಏನೇನು ಮಾಡಬಹುದು ಎಂದು ಕೇಳಿಕೊಂಡು ಬನ್ನಿ.

ಪ್ರಶ್ನೆ: ನಾನು 22ರ ಹುಡುಗಿ. ಕಾಲೇಜಿನಲ್ಲಿ ರಕ್ತದ ಕಾಂಡಕೋಶ ದಾನಿಯಾಗಿ ಹೆಸರು ಕೊಟ್ಟೆ, ಕೆನ್ನೆಯೊಳಗೆ ಹತ್ತಿ ಕಡ್ಡಿ ಆಡಿಸಿಕೊಂಡರು. ಮನೆಯಲ್ಲಿ ರಂಪ. ‘ಬೆನ್ನುಮೂಳೆಯಿಂದ ತೆಗೆಯುತ್ತಾರೆ, ಮುಂದೆ ಮದುವೆ ಮಕ್ಕಳು ಏನಾಗಬೇಕು’ ಅಂತ ಅಮ್ಮ ಅಳುತ್ತಾರೆ. (ಕೊಪ್ಪ)

ಉತ್ತರ: ಬೆನ್ನುಹುರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಅಂತ ಅಮ್ಮನಿಗೆ ಹೇಳಿ. ಈಗ ಬಹುಪಾಲು ದಾನ ಆಗುವುದು ತೋಳಿನ ರಕ್ತನಾಳದಿಂದ. ಐದು ದಿನ ಚರ್ಮದಡಿ ಒಂದು ಇಂಜೆಕ್ಷನ್ ಕೊಡುತ್ತಾರೆ, ಅದರಿಂದ ಮಜ್ಜೆಯ ಕಾಂಡಕೋಶಗಳು ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶ ಅಲ್ಲಿ ಉಳಿದು, ಮಿಕ್ಕಿದ್ದು ಇನ್ನೊಂದು ಕೈಗೆ ವಾಪಸ್ ಬರುತ್ತದೆ. ನಾಲ್ಕರಿಂದ ಆರು ಗಂಟೆ ಮಲಗಿರಬೇಕು. ಆ ಐದು ದಿನ ಸೊಂಟ, ಮೂಳೆ ನೋಯುತ್ತದೆ, ಜ್ವರ ಬಂದ ಹಾಗೆ ಮೈಕೈ ನೋವು ಇರುತ್ತದೆ. ಅದನ್ನು ಮುಚ್ಚಿಡಬೇಡಿ, ಹೇಳಿಬಿಡಿ. ಅಪರೂಪಕ್ಕೆ ಮಜ್ಜೆಯನ್ನೇ ಕೇಳಿದರೂ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ತೆಗೆಯುತ್ತಾರೆ. ಕೊಟ್ಟಷ್ಟು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮುಂದೆ ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ಇದು ಹೊಸದೇನೂ ಅಲ್ಲ. ಅಮೆರಿಕದ ಡೊನಾಲ್ ಥಾಮಸ್ 1957ರಲ್ಲೇ ಮನುಷ್ಯರಿಗೆ ಮಜ್ಜೆ ಕೊಟ್ಟ ಮೊದಲ ವರದಿ ಬರೆದರು. ಆಗಿನ ರೋಗಿಗಳು ಯಾರೂ ಹೆಚ್ಚು ದಿನ ಉಳಿಯಲಿಲ್ಲ. ಮಜ್ಜೆಯಲ್ಲಿ ಕಾಂಡಕೋಶ ಇದೆ ಎಂದು ಕೆನಡಾದ ಟಿಲ್ ಮತ್ತು ಮೆಕ್ಕಲಕ್ ಇಲಿಗಳಲ್ಲಿ ತೋರಿಸಿಕೊಟ್ಟದ್ದೇ 1961ರಲ್ಲಿ. ಥಾಮಸ್ ಬಿಡದೆ ಹಿಡಿದು ಕೆಲಸ ಮಾಡಿದರು, 1990ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಮುಂಬೈಯ ಟಾಟಾ ಆಸ್ಪತ್ರೆ 1983ರಲ್ಲಿ, ವೆಲ್ಲೂರಿನ ಸಿಎಂಸಿ 1986ರಲ್ಲಿ ಶುರು ಮಾಡಿದವು. ಇಷ್ಟು ವರ್ಷ ನೋಡಿ ನೋಡಿ ಪಳಗಿದ ಚಿಕಿತ್ಸೆ ಇದು, ಕಾಂಡಕೋಶದ ಹೆಸರಲ್ಲಿ ನಡೆಯುವುದರಲ್ಲೆಲ್ಲ ಅತಿ ಹಳೆಯದು, ಅತಿ ನಂಬಿಕೆಯದು. ಈಚೆಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ ಸಿಕಲ್ ಸೆಲ್ ಕಾಯಿಲೆಯವರ ಸ್ವಂತ ಕಾಂಡಕೋಶವನ್ನೇ ತೆಗೆದು, ಜೀನ್ ತಿದ್ದಿ, ವಾಪಸ್ ಹಾಕುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟಿವೆ. ಬೆಲೆ ಮಾತ್ರ ಕೇಳಬೇಡಿ.

ಅಮ್ಮನಿಗೆ ಹೇಳಬೇಕಾದ ಇನ್ನೊಂದು ಲೆಕ್ಕ ಇದೆ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಆದವರಿಗೆ ಒಡಹುಟ್ಟಿದ ಒಬ್ಬರ ಅಂಗಾಂಶ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಮನೆಗೆ ಒಂದೋ ಎರಡೋ ಮಕ್ಕಳು, ಹಾಗಾಗಿ ಹೊರಗಿನವರನ್ನೇ ಹುಡುಕಬೇಕು. ಹೊಂದುವವರು ಸಿಗುವುದು ಹೆಚ್ಚಾಗಿ ತಮ್ಮದೇ ಮೂಲದ ಜನರಲ್ಲಿ, ಆದರೆ ನಮ್ಮ ದೇಶದ ದಾನಿಗಳ ಪಟ್ಟಿ ಜನಸಂಖ್ಯೆಗೆ ಹೋಲಿಸಿದರೆ ತುಂಬಾ ಚಿಕ್ಕದು. ಹೆಸರು ಕೊಟ್ಟ ಮಾತ್ರಕ್ಕೆ ಕರೆ ಬಂದೇ ಬರುತ್ತದೆ ಅಂತಲೂ ಇಲ್ಲ, ಎಷ್ಟೋ ಜನರಿಗೆ ಬರುವುದೇ ಇಲ್ಲ.

ಬಂದರೆ ಮಾತ್ರ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ದಾನಕ್ಕೆ ಮೊದಲು ಯಾವಾಗ ಬೇಕಾದರೂ ಬೇಡ ಅನ್ನುವ ಹಕ್ಕು ನಿಮಗಿದೆ. ಆದರೆ ಕಸಿಗೆ ಕೆಲವು ದಿನ ಮುಂಚೆ ರೋಗಿಯ ಹಳೇ ಮಜ್ಜೆಯನ್ನು ಔಷಧಿ ಕೊಟ್ಟು ಪೂರ್ತಿ ಖಾಲಿ ಮಾಡುತ್ತಾರೆ, ಆಮೇಲೆ ಹಿಂದೆ ಸರಿದರೆ ಆ ರೋಗಿ ಉಳಿಯುವುದು ಕಷ್ಟ. ಮನೆಯವರ ಒಪ್ಪಿಗೆಯ ಜಗಳ ಏನಿದ್ದರೂ ಅದಕ್ಕೆ ಮೊದಲೇ, ಈಗಲೇ ಮುಗಿಸಿಕೊಳ್ಳಿ.